ಎಡಕ್ಕೆ ಓಡಿದ ಮರಿ

"ಇದು ನಿಮ್ಮದಲ್ಲ ಮೇಡಂ," ಅಂದಳು ಚಿತ್ರಗಾರ್ತಿ. "ನಿಮಗೆ ಯಾರು ಕೊಟ್ರು?"

ಸೂಜಿ ತಲೆಯೆತ್ತಿದಳು. ಅಂಗೈಯಗಲದ ಗೇಮ್ ಕನ್ಸೋಲನ್ನು ಅವಳು ಮೇಜಿನ ಕಡೆಗೆ ಹಿಡಿದಿದ್ದಳು. ಮೇಜಿನ ಮೇಲೆ ನಿಜಕ್ಕೂ ಇದ್ದದ್ದು ಒಂದಷ್ಟು ಪೆನ್ಸಿಲ್, ಸವೆದ ರಬ್ಬರು, ಅರ್ಧ ಕುಡಿದಿಟ್ಟ ಚಹಾ. ಆದರೆ ಕನ್ಸೋಲಿನ ಪರದೆಯೊಳಗೆ ಅದೇ ಮೇಜಿನ ಮೇಲೆ, ಅದೇ ಚಹಾದ ಲೋಟಕ್ಕೆ ಒರಗಿಕೊಂಡು, ಮೊಲದ ಕಿವಿ, ಕಪ್ಪೆಯ ಬಾಯಿಯ ಒಂದು ಪ್ರಾಣಿ ತೂಕಡಿಸುತ್ತ ಕೂತಿತ್ತು. ಅದರ ಹೆಸರೇ ತೂಕಡಿಮರಿ.

'ಮರಿಮನೆ' ಆ್ಯಪಿನ ಹುಚ್ಚು ಹಿಡಿಯದ ಮನೆ ಆ ಊರಿನಲ್ಲಿ ಇರಲಿಲ್ಲ. ಬಸ್ ಸ್ಟಾಪು, ಪಾರ್ಕಿನ ಬೆಂಚು, ಸ್ವಂತ ಅಡುಗೆಮನೆ ಎಂದು ನೋಡದೆ ಜನ ಕನ್ಸೋಲ್ ಹಿಡಿದು ಓಡಾಡಿ ಇಂಥ ಮರಿಗಳನ್ನು ಹಿಡಿದು ಕೂಡಿಟ್ಟುಕೊಳ್ಳುತ್ತಿದ್ದರು. ಬೇಜಾರಾದಾಗ ಮಂಚದ ಮೇಲೋ ಮೇಜಿನ ಮೇಲೋ ಕೂರಿಸಿ ನೋಡುತ್ತಿದ್ದರು. ಅವನ್ನೆಲ್ಲ ಬರೆದವಳು ಈ ಚಿತ್ರಗಾರ್ತಿ. ಬರೆದ ಚಿತ್ರಕ್ಕೆ ನಡೆ, ನಿದ್ದೆ, ಹಟ ಕೊಟ್ಟ ಪ್ರೋಗ್ರಾಮರನ್ನು ಕಚೇರಿಯವರೆಲ್ಲ ಮೇಷ್ಟ್ರು ಎನ್ನುತ್ತಿದ್ದರು.

ಆ ಮೇಷ್ಟ್ರು ಕಳೆದ ವಾರ ಕಚೇರಿಯ ಹಿಂದಿನ ಮೆಟ್ಟಿಲ ಬುಡದಲ್ಲಿ ತಲೆ ಒಡೆದುಕೊಂಡು ಬಿದ್ದಿದ್ದರು. ಯಾರೋ ತಳ್ಳಿದ್ದಾರೆ ಎಂದಿದ್ದರು ಡಾಕ್ಟರು. ಇನ್ನೂ ಕಣ್ಣು ಬಿಟ್ಟಿಲ್ಲ. ಅದೇ ಮಧ್ಯಾಹ್ನ ಕಚೇರಿಗೆಲ್ಲ ಕೇಳುವಂತೆ ಅವರ ಜೊತೆ ಜಗಳವಾಡಿದ್ದ ಚಿತ್ರಗಾರ್ತಿಯನ್ನು ಪೊಲೀಸರು ನಾಳೆ ಬೆಳಿಗ್ಗೆ ಕರೆದೊಯ್ಯುವವರಿದ್ದರು.

ಹಾಗಾಗಲು ಬಿಡುವುದಿಲ್ಲ ಎಂದು ಅವಳಿಗೆ ಮಾತು ಕೊಟ್ಟವಳು ಸೂಜಿ. ಖಾಸಗಿ ಪತ್ತೇದಾರಿಕೆಯ ಬೋರ್ಡು ಹಾಕಿಕೊಂಡು, ಕಂಡವರ ತಂಟೆಯನ್ನೆಲ್ಲ ತಲೆಗೆ ಕಟ್ಟಿಕೊಳ್ಳುವ ಹೆಂಗಸು.

"ನನ್ನದಲ್ಲ ಅಂದ್ರೇನು? ನನ್ನ ಮಿಷನ್ ಒಳಗೇ ಇದೆಯಲ್ಲ," ಅಂದಳು ಸೂಜಿ.

"ನಿಮ್ಮ ಹತ್ರ ಇದೆ. ನೀವು ಸಾಕಿದ್ದಲ್ಲ. ಒಂದ್ಸಲ ಕರೀರಿ ಅದನ್ನ."

ಸೂಜಿ ಪರದೆಯ ಬಲತುದಿಯನ್ನು ಬೆರಳಿನಿಂದ ತಟ್ಟಿದಳು. ಮರಿ ಬೆಚ್ಚಿ ಎದ್ದಿತು. ತಟ್ಟಿದ ಕಡೆ ಬರಬೇಕಾದದ್ದು ಬರಲಿಲ್ಲ. ಪೆನ್ಸಿಲ್‌ಗಳನ್ನು ದಾಟಿಕೊಂಡು ಎಡತುದಿಗೆ ಓಡಿತು. ಅಲ್ಲಿ ಬಾಯಿ ಮೇಲೆತ್ತಿ, ತುತ್ತಿಗೆ ಕಾಯುತ್ತ ನಿಂತುಕೊಂಡಿತು.

"ಮರಿ ಸಾಕಿದವರ ಕೈಯನ್ನ ಕಲಿಯುತ್ತೆ," ಅಂದಳು ಚಿತ್ರಗಾರ್ತಿ. ಅವಳ ದನಿ ತಗ್ಗಿತ್ತು. "ಯಾವ ಕಡೆಯಿಂದ ತಿನ್ನಿಸ್ತಾರೋ ಆ ಕಡೆಗೇ ಬರುತ್ತೆ. ಬೇರೆಯವರ ಪಾಲಾದ್ರೂ ಮರೆಯೋದಿಲ್ಲ. ಮೇಷ್ಟ್ರು ಎಡಗೈಯವರು."

"ಎಡಗೈಯವರು ಊರಲ್ಲಿ ಅವರೊಬ್ಬರೇನಾ?"

"ಅಲ್ಲ. ಸ್ವಲ್ಪ ಸುಮ್ಮನಿದ್ದು ನೋಡ್ತಾ ಇರಿ."

ಇಬ್ಬರೂ ನೋಡಿದರು. ತುತ್ತು ಸಿಗದ ಮರಿ ಸಪ್ಪಗಾಯಿತು. ಕೂತಿತು. ಆಮೇಲೆ ಕಿವಿ ಕೊಡವಿತು. ಎರಡೂ ಕಿವಿಯನ್ನಲ್ಲ, ಒಂದನ್ನೇ. ಕೊಡವಿದ ರಭಸಕ್ಕೆ ಕಿವಿ ಮಡಚಿಕೊಂಡು ಕಣ್ಣಿನ ಮೇಲೆ ಬಿತ್ತು. ಮರಿ ಹಾಗೇ ಒಕ್ಕಣ್ಣಿನಲ್ಲಿ ಮಿಟುಕಿಸುತ್ತ ಕೂತಿತು.

ಚಿತ್ರಗಾರ್ತಿಗೆ ನಗು ಬಂತು, ಅದರ ಹಿಂದೆಯೇ ಕಣ್ಣೀರೂ ಬಂತು.

"ಅದು ನನ್ನ ತಪ್ಪು ಮೇಡಂ. ಮೊದಲನೇ ಚಿತ್ರದಲ್ಲಿ ಆ ಕಿವಿಗೆ, ಅದನ್ನ ನೆಟ್ಟಗೆ ನಿಲ್ಲಿಸೋ ಮೂಳೆ ಕೂರಿಸೋಕೆ ಮರೆತಿದ್ದೆ. ಆಮೇಲೆ ತಿದ್ದಿದೆ. ಜನರ ಹತ್ರ ಇರೋ ಯಾವ ತೂಕಡಿಮರಿಗೂ ಕಿವಿ ಹೀಗೆ ಬೀಳಲ್ಲ. ಮೇಷ್ಟ್ರು ಮಾತ್ರ, ಇದರ ಅಂದ ಇರೋದೇ ಇದರಲ್ಲಿ ಅಂತ, ತಮ್ಮ ಮರಿಯನ್ನ ತಿದ್ದೋಕೆ ಬಿಡಲಿಲ್ಲ. ಪ್ರಪಂಚದಲ್ಲಿ ಇಂಥದ್ದು ಇರೋದು ಇದೊಂದೇ."

ಸೂಜಿ ಕನ್ಸೋಲನ್ನು ಮೇಜಿನ ಹತ್ತಿರಕ್ಕೆ ತಂದಳು. ಪರದೆಯಲ್ಲಿ ಮರಿ ದೊಡ್ಡದಾಯಿತು.

"ಮೇಷ್ಟ್ರ ಮಿಷನ್ ಒಡೆದು ಚೂರಾಗಿ ಮೆಟ್ಟಿಲ ಹತ್ರಾನೇ ಸಿಕ್ತಲ್ಲ. ಅದರೊಳಗಿದ್ದದ್ದು ಇಲ್ಲಿಗೆ ಹೇಗೆ ಬಂತು?"

"ಒಡೆಯೋಕೆ ಮುಂಚೆ ಬಂದಿರಬೇಕು. ನಮ್ಮ ಮರೀನ ಅಳಿಸೋಕಾಗಲ್ಲ, ಕೊಡೋಕೆ ಮಾತ್ರ ಆಗುತ್ತೆ. ಅದೂ ಎದುರುಬದುರು ನಿಂತು. ಎರಡು ಮಿಷನ್ ಮುಖಾಮುಖಿ ಹಿಡಿದು ಇಬ್ಬರೂ ಬೆರಳಿಡಬೇಕು. ದೂರದಿಂದ ಕಳಿಸೋಕೆ ಬರಲ್ಲ."

"ಕೊನೇ ಸಲ ಇದನ್ನ ಅವರ ಹತ್ರ ನೋಡಿದ್ದು ಯಾವಾಗ?"

"ಜಗಳದ ಹೊತ್ತಲ್ಲಿ. ಇದೇ ಮೇಜಿನ ಮೇಲೆ." ಅವಳು ಕಣ್ಣೊರೆಸಿಕೊಂಡಳು. "ಅಳಿಸೋ ಬಟನ್ ಹಾಕಬೇಕು ಅಂತ ಕಂಪನಿ ಯಜಮಾನ್ರು ಹಟ ಹಿಡಿದಿದ್ರು. ಜನ ಹಳೇದನ್ನ ಬಿಸಾಕಿದ್ರೆ ತಾನೇ ಹೊಸದು ಹುಡುಕೋದು? ಮೇಷ್ಟ್ರು ಒಪ್ಪಿಬಿಟ್ರು. ನಾನು ಬಾಯಿಗೆ ಬಂದಹಾಗೆ ಅಂದೆ. ಇದನ್ನ ಹಿಡ್ಕೊಂಡು ಎದ್ದು ಹೋದ್ರು. ಸಂಜೆ ಹೊತ್ತಿಗೆ ಬಿದ್ದಿದ್ರು."

ಅಂದರೆ ಮಧ್ಯಾಹ್ನಕ್ಕೂ ಸಂಜೆಗೂ ನಡುವೆ ಒಬ್ಬರು ಮೇಷ್ಟ್ರ ಎದುರಿಗೆ, ಕೈ ಚಾಚಿದರೆ ತಾಗುವಷ್ಟು ಹತ್ತಿರ ನಿಂತಿದ್ದರು. ವಾರವಿಡೀ ಸೂಜಿ ಹುಡುಕಿ ಹುಡುಕಿ ಸುಸ್ತಾಗಿದ್ದು ಆ ಒಬ್ಬರಿಗಾಗಿಯೇ. ಈಗ ಸಿಕ್ಕಿದ್ದಕ್ಕೆ ಅವಳು ಕುಣಿದಾಡಬೇಕಿತ್ತು.

"ಯಾರು ಕೊಟ್ರು ಮೇಡಂ?"

"ವಿಚಾರಿಸಿ ಹೇಳ್ತೀನಿ."

"ಹೇಳಲೇಬೇಕು ನೀವು," ಅಂದಳು ಚಿತ್ರಗಾರ್ತಿ. "ಇಲ್ಲದಿದ್ರೆ ನಾನೇ ಕೊಟ್ಟೆ ಅಂತಾರೆ. ಈ ಮರೀನ ಬಲ್ಲವಳು ನಾನೊಬ್ಬಳೇ."

ಸೂಜಿ ಹೊರಬಿದ್ದಳು. ಕಚೇರಿಯ ಉದ್ದ ಸಾಲಿನಲ್ಲಿ ಕೂತವರೆಲ್ಲ ಅವಳ ಕೈಯಲ್ಲಿದ್ದ ಕನ್ಸೋಲನ್ನೂ ಅವಳ ಮುಖವನ್ನೂ ನೋಡಿದರು. ಅದನ್ನು ಮುಚ್ಚಿಟ್ಟುಕೊಳ್ಳಬೇಕೆಂಬ ಎಚ್ಚರವೂ ಅವಳಿಗಿರಲಿಲ್ಲ.

ಮರಿಯನ್ನು ಅವಳಿಗೆ ಕೊಟ್ಟವರು ಭಾವ.

ಮೊನ್ನೆ ಸಂಜೆ ಊಟದ ಮೇಜಿನ ಬಳಿ ಅವಳ ಕನ್ಸೋಲ್ ಕಸಿದು ನೋಡಿ, "ಥೂ, ಇದೊಂದು ಸಂಗ್ರಹವಾ? ನೋಡಿದ್ರೆ ಅಳು ಬರುತ್ತೆ. ತಗೋ, ನನ್ನ ಹತ್ರ ಇಂಥವು ಎರಡಿವೆ," ಎಂದು ತಮ್ಮ ಕನ್ಸೋಲನ್ನು ಎದುರು ಹಿಡಿದಿದ್ದರು. ಅವಳು ನಗುತ್ತ ಬೆರಳಿಟ್ಟಿದ್ದಳು. ಕೇಸಿನ ಆಳ ಅಗಲ ಅರಿಯಲು ಆ ಆಟ ಕಲಿಯಲೇಬೇಕೆಂದು ಅವಳು ಒಂದು ಕನ್ಸೋಲ್ ತಂದುಕೊಂಡಾಗ, ನೀನು ಕಲಿತರೆ ನಾನೂ ಕಲಿತೇನು ಎಂದು ಮಾರನೇ ದಿನವೇ ಒಂದು ತಂದು ತೋರಿಸಿದ್ದರು ಭಾವ.

ಸೂಜಿ ಎಂಬ ಹೆಸರಿಟ್ಟವರೂ ಅವರೇ. ಅಪ್ಪ ಅಮ್ಮ ಇಲ್ಲದ ಹುಡುಗಿ, ಮದುವೆಯಾದ ಅಕ್ಕನ ಸೆರಗು ಹಿಡಿದುಕೊಂಡೇ ಭಾವನ ಮನೆಗೆ ಬಂದಿದ್ದಳು. ಭಾವ ಆಗ ಪೊಲೀಸ್ ಇಲಾಖೆಯಲ್ಲಿ ದೊಡ್ಡ ಪತ್ತೇದಾರ. ಮನೆಯಲ್ಲಿ ಏನೇ ಕಳೆದರೂ ಕೆದಕಿ ಕೆದಕಿ ಹುಡುಕುತ್ತಿದ್ದ ಹುಡುಗಿಯನ್ನು ನೋಡಿ ಸೂಜಿ ಎಂದರು, ಅದೇ ಉಳಿಯಿತು. ಬೀಗ ನೋಡುವುದು, ಚಪ್ಪಲಿ ನೋಡುವುದು, ಸುಳ್ಳು ಹೇಳುವವನ ಕತ್ತು ನೋಡುವುದು, ಎಲ್ಲ ಕಲಿಸಿದರು. ಅವಳಿಗೆ ಗುರು ಎಂದರೂ ಅವರೇ, ತಂದೆ ಎಂದರೂ ಅವರೇ.

ಈ ಕೇಸು ಕೈಗೆ ಬಂದ ದಿನ ಅವರು ಅಂದದ್ದು ಅವಳಿಗೆ ಚೆನ್ನಾಗಿ ನೆನಪಿತ್ತು: "ಆ ಮೇಷ್ಟ್ರ ಮುಖ ಹೇಗಿದೆ ಅಂತಾನೂ ನನಗೆ ಗೊತ್ತಿಲ್ಲಮ್ಮ."

ನಡೆಯುತ್ತ ನಡೆಯುತ್ತ ಒಂದೊಂದೇ ಹೊಳೆಯತೊಡಗಿತು. ಮೆಟ್ಟಿಲ ಹತ್ತಿರ ಯಾರನ್ನೋ ಕಂಡೆ ಎಂದಿದ್ದ ವಾಚ್‌ಮನ್ ಮಾರನೇ ದಿನ ಏನೂ ಕಂಡಿಲ್ಲ ಎಂದ. ಹಿಂಬಾಗಿಲ ಕ್ಯಾಮೆರಾದ ದೃಶ್ಯ ಕೇಳಲು ಹೋದರೆ, ನಿನ್ನೆಯಷ್ಟೇ ಅಳಿಸಿಹೋಯಿತು ಎಂದರು. ಹೋದಲ್ಲೆಲ್ಲ ಅವಳಿಗಿಂತ ಒಂದು ಹೆಜ್ಜೆ ಮುಂದೆ ಯಾರೋ ಹೋಗಿ ಬಂದಿರುತ್ತಿದ್ದರು. ನಾಳೆ ಎಲ್ಲಿಗೆ ಹೋಗುತ್ತೇನೆಂಬುದನ್ನು ಅವಳು ಹೇಳುತ್ತಿದ್ದದ್ದು ಒಬ್ಬರಿಗೆ ಮಾತ್ರ. ಪ್ರತಿ ಸಂಜೆ, ಊಟದ ಮೇಜಿನ ಬಳಿ, ಮಗಳು ಶಾಲೆಯ ಸುದ್ದಿ ಹೇಳುವಂತೆ.

ಅವಳಿಗೆ ದುಃಖಕ್ಕಿಂತ ಮೊದಲು ನಾಚಿಕೆಯಾಯಿತು. ನಾಚಿಕೆಯ ಬೆನ್ನಿಗೆ ಸಿಟ್ಟು ಬಂತು.

ಮನೆಯ ಮುಂದಿನ ಜಗಲಿಯಲ್ಲಿ ಭಾವ ಬೂಟುಗಳಿಗೆ ಪಾಲಿಶ್ ಹಾಕುತ್ತ ಕೂತಿದ್ದರು. ನಿವೃತ್ತರಾದ ಮೇಲೆ ಮಧ್ಯಾಹ್ನದ ಹೊತ್ತು ಮನೆಮಂದಿಯ ಬೂಟು ಚಪ್ಪಲಿಗಳನ್ನೆಲ್ಲ ಸಾಲಾಗಿಟ್ಟು ಉಜ್ಜುವುದು ಅವರ ಚಟ. ಯಾರಾದರೂ ಬೇಡವೆಂದರೆ ಮುನಿಸಿಕೊಳ್ಳುತ್ತಿದ್ದರು. ಅಕ್ಕ ಒಳಗೆ ಮಲಗಿದ್ದಾಳೆ ಎಂದು ಸನ್ನೆ ಮಾಡಿದರು.

"ಬಾ ಸೂಜಿ. ಆ ಚಪ್ಪಲಿ ಬಿಡು ಇಲ್ಲಿ. ಅದಕ್ಕೂ ಸ್ವಲ್ಪ ಮುಖ ತೊಳೆಸೋಣ."

ಸೂಜಿ ಚಪ್ಪಲಿ ಬಿಡಲಿಲ್ಲ. ಎದುರಿನ ಕಟ್ಟೆಯ ಮೇಲೆ ಕೂತಳು.

"ಭಾವ, ಮೊನ್ನೆ ತೂಕಡಿಮರಿ ಕೊಟ್ರಲ್ಲ, ಅದು ನಿಮಗೆಲ್ಲಿ ಸಿಕ್ತು?"

"ಅದಾ? ಬಸ್ ಸ್ಟಾಪಲ್ಲಿ ಒಂದು ಹುಡುಗಿ ಕೊಟ್ಟಳು." ಬ್ರಶ್ಶು ಆಡುತ್ತಲೇ ಇತ್ತು. "ಕನ್ನಡಕದ ಹುಡುಗಿ. ನೀಲಿ ಬ್ಯಾಗು. ಮುಂದಿನ ಹಲ್ಲೊಂದು ಬಿದ್ದಿತ್ತು, ಪಾಪ. ಅಜ್ಜಿ ಜೊತೆ ಬಂದಿದ್ದಳು, ಅಜ್ಜಿ ಕಾಲಿಗೆ ಬ್ಯಾಂಡೇಜ್."

ಸೂಜಿ ಅವರ ಕತ್ತು ನೋಡುತ್ತಿದ್ದಳು. ಸುಳ್ಳು ಹೇಳುವವನು ಕೇಳದೇ ಇದ್ದದ್ದಕ್ಕೂ ಉತ್ತರ ಕೊಡುತ್ತಾನೆ, ಅವನನ್ನು ತಡೆಯಬೇಡ, ಇನ್ನಷ್ಟು ಹೇಳಲು ಬಿಡು ಎಂದು ಕಲಿಸಿದ್ದವರು ಇದೇ ಮನುಷ್ಯ. ಆ ಹಲ್ಲು ಬಿದ್ದ ಹುಡುಗಿ, ಬ್ಯಾಂಡೇಜಿನ ಅಜ್ಜಿ ಎಲ್ಲರೂ ಅಲ್ಲೇ ಹುಟ್ಟಿ ಅಲ್ಲೇ ನಿಂತಿದ್ದರು. ಕಲಿಸಿದ ಗುರುಗಳೇ ತಮ್ಮ ಪಾಠದಲ್ಲಿ ನಪಾಸಾಗುವುದನ್ನು ನೋಡಲು ಅವಳಿಗೆ ಸಂಕಟವಾಯಿತು.

"ಆ ಹುಡುಗಿ ಎಡಗೈಯವಳಾ ಭಾವ?"

ಬ್ರಶ್ಶು ನಿಂತಿತು.

ಸೂಜಿ ಕನ್ಸೋಲ್ ತೆಗೆದು ಬೂಟುಗಳ ಸಾಲಿನ ಕಡೆ ಹಿಡಿದಳು. ಪರದೆಯಲ್ಲಿ ಮರಿ ಭಾವನ ಕಪ್ಪು ಬೂಟಿನ ಮೇಲೆ ಕೂತಿತ್ತು. ಬಲತುದಿ ತಟ್ಟಿದಳು. ಎದ್ದು, ಬೂಟಿನಿಂದ ಬೂಟಿಗೆ ಎಡವುತ್ತ, ಅದು ಎಡಕ್ಕೆ ಓಡಿತು. ಬಾಯಿ ಎತ್ತಿತು. ಕಾದಿತು. ಕಿವಿ ಕೊಡವಿತು. ಕಿವಿ ಕಣ್ಣಿನ ಮೇಲೆ ಬಿತ್ತು.

"ಇಂಥದ್ದು ಇರೋದು ಒಂದೇ. ಮೇಷ್ಟ್ರು ಸಾಕಿದ್ದು," ಅಂದಳು. "ಬಿದ್ದ ದಿನ ಮಧ್ಯಾಹ್ನದವರೆಗೂ ಅವರ ಹತ್ರ ಇತ್ತು. ಮುಖಾಮುಖಿ ನಿಲ್ಲದೆ ಕೈ ಬದಲಾಗಲ್ಲ. ಇನ್ನು ನೀವು ಹೇಳಿ."

ಭಾವ ಬ್ರಶ್ಶನ್ನು ಡಬ್ಬಿಯ ಮೇಲಿಟ್ಟರು. ಕೈ ಒರೆಸಿಕೊಂಡರು. ಆಮೇಲೆ ಅವರು ಕೇಳಿದ ಮೊದಲ ಮಾತು, "ಇದನ್ನ ಆ ಚಿತ್ರಗಾರ್ತಿಗೆ ತೋರಿಸಿದ್ಯಾ?"

"ತೋರಿಸಿದೆ."

"ಕಚೇರಿಯಲ್ಲೇ?"

"ಕಚೇರಿಯಲ್ಲೇ. ಎಲ್ಲರೂ ನೋಡಿದ್ರು."

ಭಾವ ಮೆಲ್ಲಗೆ ತಲೆದೂಗಿದರು. ಎಣಿಸಿದ್ದು ಎಣಿಸಿದ ಹಾಗೇ ಆಯಿತು ಎನ್ನುವವರ ತಲೆದೂಗು ಅದು. ಸೂಜಿಗೆ ಮೈಯೆಲ್ಲ ಬಿಸಿಯಾಯಿತು. ಮರಿಯನ್ನು ಅವರು ಪ್ರೀತಿಯಿಂದ ಕೊಟ್ಟಿರಲಿಲ್ಲ, ಮರೆತೂ ಕೊಟ್ಟಿರಲಿಲ್ಲ. ಅವಳ ಕೈಯಲ್ಲೇ ಅದು ಸಿಕ್ಕಲಿ ಎಂದು ಕೊಟ್ಟಿದ್ದರು.

"ಎಷ್ಟು ದಿನದಿಂದ ಭಾವ?"

"ಕೇಸಿಗೂ ಮುಂಚಿಂದ." ಅವರು ಅವಳ ಮುಖ ನೋಡಲಿಲ್ಲ. "ಯಜಮಾನ್ರು ಹೇಳಿ ಕಳಿಸಿದ್ರು. ಮೇಷ್ಟ್ರು ಆ್ಯಪ್ ಎತ್ಕೊಂಡು ಬೇರೆ ಕಡೆ ಹೋಗ್ತಾರೆ ಅಂತ ಅವರಿಗೆ ಗುಮಾನಿ. ಮೇಷ್ಟ್ರ ಮೇಲೆ ಒಂದು ಕಣ್ಣಿಡಿ ಸರ್ ಅಂದ್ರು. ಆ ಮಿಷನ್ನೂ ಅವರೇ ಕೊಟ್ಟಿದ್ದು."

"ನನ್ನ ಜೊತೆ ಕಲಿಯೋಕೆ ಅಂತ ತಂದದ್ದಲ್ಲ."

"ಅಲ್ಲ."

"ಸಂಜೆ ಸಂಜೆ ನಾನು ಹೇಳಿದ್ದೆಲ್ಲ?"

"ಹೋಗಿ ಹೇಳ್ತಿದ್ದೆ."

ಎಷ್ಟು ಸಲೀಸಾಗಿ ಅಂದರು. ಸೂಜಿಗೆ ಕೂಗಾಡಬೇಕೆನಿಸಿತು. ಬೇರೆ ಯಾರೇ ಆಗಿದ್ದರೂ ಅವಳು ಇಷ್ಟು ಹೊತ್ತಿಗೆ ಜನ್ಮ ಜಾಲಾಡಿರುತ್ತಿದ್ದಳು.

"ಯಾಕೆ ಭಾವ? ನಿಮಗೇನು ಕಡಿಮೆಯಾಗಿತ್ತು?"

"ನನ್ನನ್ನ ಸರ್ ಅಂದ್ರು ಸೂಜಿ." ಭಾವನ ದನಿ ಇದ್ದಕ್ಕಿದ್ದಂತೆ ಮುದಿಯಾಯಿತು. "ನಿನಗದು ಅರ್ಥವಾಗಲ್ಲ. ಇಲಾಖೆ ಬಿಟ್ಟಮೇಲೆ ನಾನು ಈ ಮನೇಲಿ ಏನು? ಬೂಟ್ ಪಾಲಿಶ್ ಮಾಡೋನು. ನೀನು ದಿನಾ ಬಂದು ಕೇಸ್ ಹೇಳ್ತಿದ್ದೆ, ಹೌದು. ಅಭಿಪ್ರಾಯ ಕೇಳ್ತಿದ್ದೆ, ಆಮೇಲೆ ನಿನಗೆ ತೋಚಿದ್ದೇ ಮಾಡ್ತಿದ್ದೆ. ಅವರು ನನ್ನ ಮಾತು ಕೇಳೋಕೆ ಅಂತಾನೇ ಒಂದು ಕುರ್ಚಿ ಹಾಕಿಸಿದ್ರು."

ಒಂದು ಕುರ್ಚಿ. ಅದಕ್ಕಾಗಿ ಸಾಕಿದ ಹುಡುಗಿಯ ಕತ್ತಿಗೇ ಉರುಳು ಹಾಕಿದ್ದರು.

"ಅವತ್ತು ಮೇಷ್ಟ್ರ ಹತ್ರ ಹೋಗಿದ್ದು ಯಾಕೆ?"

"ಬಟನ್ ವಿಷಯದಲ್ಲಿ ಮೇಷ್ಟ್ರು ಮನಸ್ಸು ಬದಲಾಯಿಸ್ತಾರೇನೋ ಅಂತ ಯಜಮಾನ್ರಿಗೆ ಭಯ. ಮಾತಾಡಿ ಬಾ ಅಂದ್ರು. ಹಿಂದಿನ ಮೆಟ್ಟಿಲ ಮೇಲೆ ಸಿಕ್ಕರು. ಒಳ್ಳೇ ಮನುಷ್ಯ." ಭಾವ ಒಂದು ಬೂಟನ್ನು ಎತ್ತಿ ಸಾಲಿನಲ್ಲಿ ನೇರ ಮಾಡಿಟ್ಟರು. "ಅಳಿಸೋ ಬಟನ್ ಬಂದ ಕೂಡಲೇ ಕಂಪನಿ ಮಿಷನ್‌ಗಳನ್ನೆಲ್ಲ ಮೊದಲು ಖಾಲಿ ಮಾಡ್ತಾರೆ, ನಾನೇ ಒಪ್ಪಿಬಿಟ್ಟಿದ್ದೀನಿ, ಈ ಮರಿಯೊಂದನ್ನ ನೀವು ಸಾಕ್ಕೊಳ್ಳಿ ಅಂದ್ರು. ನಿಮ್ಮ ಮುಖ ನೋಡಿದ್ರೆ ನಂಬಿಕೆ ಬರುತ್ತೆ ಅಂದ್ರು. ಬೆರಳಿಟ್ಟೆ."

ಸೂಜಿಗೆ ನಗು ಬಂತು, ಕೆಟ್ಟ ನಗು. ಆ ಮುಖವನ್ನು ನಂಬಿದ್ದು ತಾನೊಬ್ಬಳೇ ಅಲ್ಲ ಎಂಬುದಷ್ಟೇ ಅವಳಿಗೆ ಸಿಕ್ಕ ಸಮಾಧಾನ.

ಭಾವ ಒಳಜೇಬಿನಿಂದ ತಮ್ಮ ಕನ್ಸೋಲ್ ತೆಗೆದರು.

"ಕೇಳು. ಇನ್ನೂ ಕಾಲ ಮಿಂಚಿಲ್ಲ. ಮರೀನ ನನಗೆ ವಾಪಸ್ ಕೊಡು. ಈ ಮಿಷನ್ ಇವತ್ತೇ ಎಲ್ಲೋ ಕಾಣೆಯಾಗುತ್ತೆ. ನಿನ್ನ ಹತ್ರ ಏನೂ ಇರಲಿಲ್ಲ, ನೀನು ಯಾರಿಗೂ ಏನೂ ತೋರಿಸಲಿಲ್ಲ. ಆ ಚಿತ್ರಗಾರ್ತಿ ವಿಷಯ ಕೈಬಿಡು. ನಿನ್ನ ಮೇಲೆ ಒಂದು ಚುಕ್ಕೆ ಬೀಳದ ಹಾಗೆ ನಾನು ನೋಡ್ಕೋತೀನಿ."

"ಕೊಡದಿದ್ರೆ?"

"ಫೋನ್ ಮಾಡ್ತೀನಿ. ಮೇಷ್ಟ್ರ ಮರಿ ನಿನ್ನ ಮಿಷನಲ್ಲಿದೆ, ಕೊಟ್ಟವಳು ಆ ಚಿತ್ರಗಾರ್ತಿ, ನೀವಿಬ್ಬರೂ ಸೇರಿ ಮುಚ್ಚಿಡ್ತಿದ್ದೀರಿ ಅಂತೀನಿ. ನನ್ನ ಮಾತು ನಂಬ್ತಾರೆ."

ನಂಬುತ್ತಾರೆ ಎಂಬುದು ಸೂಜಿಗೂ ಗೊತ್ತಿತ್ತು. ಠಾಣೆಯಲ್ಲಿ ಅರ್ಧಕ್ಕರ್ಧ ಜನ ಅವರ ಕೈಕೆಳಗೆ ಪಳಗಿದವರು. ಕನ್ಸೋಲುಗಳೆರಡೂ ಎದುರುಬದುರಾಗಿದ್ದವು. ಪರದೆಯ ಮೇಲೆ, ಕೊಡಲೇ ಬೇಡವೇ ಎಂಬ ಪ್ರಶ್ನೆ ತಾನಾಗಿಯೇ ಮೂಡಿತು. ಬೆರಳಿಟ್ಟರೆ ಮುಗಿಯಿತು; ಅಕ್ಕ, ಭಾವ, ಸಂಜೆಯ ಊಟ ಎಲ್ಲ ಮೊದಲಿನ ಹಾಗೇ. ನಾಳೆ ಬೆಳಿಗ್ಗೆ ಒಬ್ಬ ಹೆಂಗಸು, ಸೂಜಿಯ ಮಾತನ್ನು ನಂಬಿ ಕೂತವಳು, ಮಾಡದ ತಪ್ಪಿಗೆ ಜೀಪು ಹತ್ತುತ್ತಾಳೆ, ಅಷ್ಟೇ.

ಸೂಜಿ ಬೇಡ ಎಂಬುದರ ಮೇಲೆ ಬೆರಳಿಟ್ಟಳು.

"ಮಾಡಿ ಭಾವ, ಫೋನ್ ಮಾಡಿ. ಅವರನ್ನ ಮೆಟ್ಟಿಲಿಂದ ತಳ್ಳಿದ್ದು ಯಾಕೆ ಅಂತಾನೂ ಅದರಲ್ಲೇ ಹೇಳಿ."

"ನಾನು ತಳ್ಳಲಿಲ್ಲ."

ಅಷ್ಟೇ ಅಂದರು. ಹಲ್ಲು ಬಿದ್ದ ಹುಡುಗಿ ಇಲ್ಲ, ನೀಲಿ ಬ್ಯಾಗಿಲ್ಲ, ಅಜ್ಜಿಯಿಲ್ಲ. ಒಂದು ಮಾತು ಹೆಚ್ಚಿಲ್ಲ. ಸೂಜಿ ಅವರ ಕತ್ತಿನ ನರ ನೋಡಿದಳು. ಅದು ಅಲುಗಲಿಲ್ಲ, ಮಾತು ನಿಜವಾಗಿತ್ತು. ಇಷ್ಟಾದ ಮೇಲೂ ಅವರನ್ನು ನಂಬುತ್ತಿದ್ದೇನಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

"ನೀವಲ್ಲ ಅಂದ್ರೆ ಮತ್ತೆ ಯಾರು?"

ಭಾವ ಸಾಲಿಟ್ಟ ಬೂಟುಗಳನ್ನೇ ನೋಡಿದರು.

"ಅವತ್ತು ನಾನೊಬ್ಬನೇ ಹೋಗಿರಲಿಲ್ಲ ಸೂಜಿ," ಅಂದರು. ಅವರ ಕಣ್ಣು, ಅವರಿಗೇ ತಿಳಿಯದ ಹಾಗೆ, ಮನೆಯ ಬಾಗಿಲ ಕಡೆ ಹೊರಳಿತು.

ಗೇಟಿನ ಹೊರಗೆ ಜೀಪು ನಿಂತಿತು.

ಭಾವ ದಡಬಡಿಸಿ ಎದ್ದರು. ಪಾಲಿಶ್ ಡಬ್ಬಿ ಉರುಳಿತು. "ನಾನಿನ್ನೂ ಕರೆದಿಲ್ಲ," ಅಂದರು, ಯಾರಿಗೂ ಅಲ್ಲದ ಹಾಗೆ.

ಬಾಗಿಲು ತೆರೆಯಿತು. ಮಲಗಿದ್ದಾಳೆ ಎಂದುಕೊಂಡಿದ್ದ ಅಕ್ಕ ಹೊರಗೆ ಬಂದಳು. ತಲೆ ಬಾಚಿತ್ತು, ಉಟ್ಟ ಸೀರೆಯಲ್ಲಿ ಒಂದು ಸುಕ್ಕಿರಲಿಲ್ಲ. ಗಂಡನನ್ನೂ ತಂಗಿಯನ್ನೂ ದಾಟಿಕೊಂಡು ಹೋಗಿ ಗೇಟು ತೆಗೆದಳು. ಒಳಗೆ ಬಂದ ಇನ್ಸ್‌ಪೆಕ್ಟರು ಅಭ್ಯಾಸಬಲದಿಂದ ಭಾವನಿಗೆ ಸೆಲ್ಯೂಟ್ ಹೊಡೆದು, ಆಮೇಲೆ ಸಂಕೋಚಪಟ್ಟರು.

"ಫೋನ್ ಮಾಡಿದ್ದು ಯಾರಮ್ಮ?"

"ನಾನೇ," ಅಂದಳು ಅಕ್ಕ. "ನಾನು ಹೇಳಿದ್ದು ಇದೇ ಮಿಷನ್, ಇವಳ ಕೈಯಲ್ಲಿರೋದು. ಆ ಮರೀನ ಇವಳಿಗೆ ಕೊಟ್ಟಿದ್ದು ಆ ಚಿತ್ರಗಾರ್ತಿ. ಮೊನ್ನೆ ನಮ್ಮ ಮನೆಗೇ ಬಂದಿದ್ದಳು, ನನ್ನ ಕಣ್ಣೆದುರಿಗೇ ಕೊಟ್ಟಳು. ಇವಳಿಗೆ ಅದೇನು ಅಂತ ಗೊತ್ತಿರಲಿಲ್ಲ, ಪಾಪ. ಎಲ್ಲಿ ಬೇಕಾದ್ರೂ ಬಂದು ಸಾಕ್ಷಿ ಹೇಳ್ತೀನಿ."

ಚಿತ್ರಗಾರ್ತಿ ಈ ಮನೆಯ ಹೊಸಿಲು ತುಳಿದವಳೇ ಅಲ್ಲ. ಸೂಜಿ ಕಟ್ಟೆಯಿಂದ ಎದ್ದಳು. ತನ್ನ ಅಕ್ಕ ಸುಳ್ಳು ಹೇಳಿದ್ದನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಎಷ್ಟು ನುಣ್ಣಗೆ ಹೇಳುತ್ತಾಳೆ ಎಂಬುದು ಈಗ ತಿಳಿಯಿತು.

ಇನ್ಸ್‌ಪೆಕ್ಟರು ಅವಳ ಕಡೆ ತಿರುಗಿದರು. "ಹೌದಾ ಮೇಡಂ? ನೀವೊಂದು ಮಾತು ಹೇಳಿಬಿಡಿ. ನಾಳೆವರೆಗೆ ಕಾಯೋದು ಬೇಡ, ಈಗಲೇ ಹೋಗಿ ಕರ್ಕೊಂಡು ಬರ್ತೀವಿ."

ಅಕ್ಕ ಪಕ್ಕಕ್ಕೆ ಬಂದು ಅವಳ ಭುಜದ ಮೇಲೆ ಕೈಯಿಟ್ಟಳು. ಜ್ವರ ಬಂದಾಗ ಹಣೆ ಒತ್ತಿದ ಕೈ, ಶಾಲೆಗೆ ಜಡೆ ಹೆಣೆದ ಕೈ.

"ಹೌದು ಅನ್ನು ಪುಟ್ಟಿ," ಅಂದಳು ಮೆಲ್ಲಗೆ. "ಮನೆ ಉಳಿಯುತ್ತೆ."

ಸೂಜಿ ಭಾವನನ್ನು ನೋಡಿದಳು. ಅವರು ನೆಲ ನೋಡುತ್ತಿದ್ದರು. ಅಕ್ಕನನ್ನು ನೋಡಿದಳು. ಅಕ್ಕ ಅವಳನ್ನೇ ನೋಡುತ್ತಿದ್ದಳು, ಎವೆಯಿಕ್ಕದೆ.

"ಅಕ್ಕ," ಅಂದಳು ಸೂಜಿ, ಇನ್ಸ್‌ಪೆಕ್ಟರಿಗೆ ಕೇಳುವಷ್ಟು ಸ್ಪಷ್ಟವಾಗಿ, "ಮೇಷ್ಟ್ರು ಬಿದ್ದ ದಿನ ಸಂಜೆ ನೀನು ಎಲ್ಲಿದ್ದೆ?"

ಅಕ್ಕನ ಕೈ ಭುಜದಿಂದ ಜಾರಲಿಲ್ಲ. ಇನ್ನಷ್ಟು ಬಿಗಿಯಾಯಿತು.